ಒಂದು ಸೋತ ತಟ್ಟೆಯ ಕಥೆ

ನಮ್ಮ ಕಡೆಯ ಹಿರಿಯರು ಹಾಡಿನ ಧ್ವನಿಮುದ್ರಿಕೆಯನ್ನು ಇಂದಿಗೂ ‘ಪ್ಲೇಟು’ ಎಂದೇ ಕರೆಯುತ್ತಾರೆ. ಟೆಂಟು ಸಿನೆಮಾದ ಕಾಲದಲ್ಲಿ ಆಟ ಆರಂಭವಾಗುವ ಮುನ್ನ ವೆಂಕಟೇಶ್ವರನ ಸ್ತುತಿಯ ಪ್ಲೇಟು ಹಾಕುತ್ತಿದ್ದರಂತೆ. ಅದು ಕಿವಿಗೆ ಬಿದ್ದೊಡನೆ ಜನ ಕೈಯಲ್ಲಿದ್ದ ಕೆಲಸವನ್ನು ಬಿಟ್ಟು ಟೆಂಟಿನ ಕಡೆಗೆ ಓಡುತ್ತಿದ್ದರಂತೆ. ಮದುವೆಯ ಚಪ್ಪರಕ್ಕೆ ಮೈಕ್‌ಸೆಟ್ಟಿನವನು ಬಂದಿಳಿದರೆ ಮಕ್ಕಳೆಲ್ಲ ಅವನ ಪ್ಲೇಟಿನ ಪೆಟ್ಟಿಗೆಯ ಸುತ್ತ ನೆರೆಯುತ್ತಿದ್ದರಂತೆ. ಆ ಪ್ಲೇಟುಗಳೆಲ್ಲ ಈಗ ಎಲ್ಲಿ ಹೋದವು? ಕೆಲವು ಅಟ್ಟ ಸೇರಿದವು. ಕೆಲವು ಗುಜರಿಗೆ ಬಿದ್ದವು. ಉಳಿದವು ಹಳೆಯ ಸಾಮಾನಿನ ಅಂಗಡಿಗಳಲ್ಲಿ ಕೊಳ್ಳುವವರಿಗಾಗಿ ಕಾದು ಕುಳಿತಿವೆ. ಪ್ರಪಂಚದ ದೊಡ್ಡ ಊರುಗಳಲ್ಲೆಲ್ಲ ಇಂಥ ಹಳೆಯ ತಟ್ಟೆಗಳನ್ನು ಹುಡುಕಿ, ಕೊಂಡು, ಕೂಡಿಡುವ ಜನರಿದ್ದಾರೆ. ಇದು ಬರಿಯ ಹುಚ್ಚೆ? ಅಥವಾ ಇದರಿಂದ ಪ್ರಯೋಜನವೇನಾದರೂ ಉಂಟೆ? ಈ ಪ್ರಶ್ನೆಗೆ ಉತ್ತರವನ್ನು ಒಂದು ತಟ್ಟೆಯ ಕಥೆಯ ಮೂಲಕ ಹೇಳಲು ಇಲ್ಲಿ ಯತ್ನಿಸಿದ್ದೇನೆ. ಅದು ನಮ್ಮ ನಾಡಿನ ತಟ್ಟೆಯಲ್ಲ, ಇಂಗ್ಲೆಂಡಿನ ಹಾಡುಗಾರನೊಬ್ಬನದು. ಗೆದ್ದ ತಟ್ಟೆಯೂ ಅಲ್ಲ. 1989ರಲ್ಲಿ ಹೊರಬಂದು, ಪೇಟೆಯಲ್ಲಿ ಸೋತು ಮೂಲೆಗೆ ಬಿದ್ದದ್ದು.

ಹಾಡುಗಾರನ ಹೆಸರು ಜೋ ಸ್ಟ್ರಮ್ಮರ್. ತಂದೆತಾಯಿಗಳಿಟ್ಟ ಹೆಸರು ಜಾನ್ ಗ್ರಹಾಂ ಮೆಲ್ಲರ್. ಅವನು ಹುಟ್ಟಿದ್ದು 1952ನೆಯ ಇಸವಿ ಆಗಸ್ಟ್ 21ರಂದು, ತುರ್ಕಿಯ ರಾಜಧಾನಿಯಾದ ಅಂಕಾರಾದಲ್ಲಿ. ತಂದೆ ಬ್ರಿಟಿಷ್ ವಿದೇಶಾಂಗ ಇಲಾಖೆಯ ನೌಕರರು. ಅವರು ಜನಿಸಿದ್ದು ನಮ್ಮ ದೇಶದ ಲಖನೌ ನಗರದಲ್ಲಿ. ವರ್ಗವಾದ ಊರಿಗೆಲ್ಲ ಸಂಸಾರ ಕಟ್ಟಿಕೊಂಡು ಹೋಗುವ ನೌಕರಿಯಾದುದರಿಂದ ಹುಡುಗನ ಬಾಲ್ಯ ಕೈರೋ, ಮೆಕ್ಸಿಕೋ, ಬಾನ್ ನಗರಗಳಲ್ಲಿ ಹಂಚಿಹೋಯಿತು. ಒಂಬತ್ತನೆಯ ವಯಸ್ಸಿಗೆ ಅವನನ್ನು ಇಂಗ್ಲೆಂಡಿನ ವಸತಿ ಶಾಲೆಯೊಂದಕ್ಕೆ ಸೇರಿಸಿದರು. ಬೆಳೆದ ಮೇಲೆ ಚಿತ್ರಕಲೆಯ ಶಾಲೆಗೆ ಸೇರಿ ಅದನ್ನು ನಡುವೆಯೇ ಬಿಟ್ಟನು. ವೇಲ್ಸಿನ ನ್ಯೂಪೋರ್ಟಿನಲ್ಲಿ ಕೆಲಕಾಲ ಸ್ಮಶಾನದಲ್ಲಿ ಗುಂಡಿ ತೋಡುವ ಕೆಲಸ ಮಾಡಿದನು. ಲಂಡನ್ನಿನ ಸುರಂಗ ರೈಲಿನ ಹಾದಿಗಳಲ್ಲಿ ನಿಂತು ಹಾಡಿ ಚಿಲ್ಲರೆ ಕಾಸು ಗಳಿಸಿದನು. ಯಾರೂ ವಾಸಿಸದೆ ಪಾಳುಬಿದ್ದ ಮನೆಗಳಲ್ಲಿ ಗೆಳೆಯರೊಡನೆ ನೆಲೆಸಿದನು. ಅವನು ಎಡಗೈಯವನಾದರೂ ಬಲಗೈಯವರಂತೆ ಗಿಟಾರು ಹಿಡಿಯುವುದನ್ನು ರೂಢಿಸಿಕೊಂಡಿದ್ದನು. ಒಂದೊಂದೇ ತಂತಿಯನ್ನು ಮಿಡಿದು ಸೊಗಸಾಗಿ ನುಡಿಸುವುದು ಅವನಿಗೆ ಸಾಧ್ಯವಾಗಲಿಲ್ಲ. ಆರು ತಂತಿಗಳನ್ನೂ ಒಟ್ಟಿಗೆ ಬಡಿಯುವುದಷ್ಟೇ ಬರುತ್ತಿತ್ತು. ಹಾಗೆ ಬಡಿಯುವವನಿಗೆ ಇಂಗ್ಲಿಷಿನಲ್ಲಿ ‘ಸ್ಟ್ರಮ್ಮರ್’ ಎನ್ನುತ್ತಾರೆ. ತನ್ನ ಕೊರತೆಯನ್ನು ಮುಚ್ಚಿಡದೆ ಅದನ್ನೇ ಹೆಸರಾಗಿ ಇಟ್ಟುಕೊಂಡ ಮನುಷ್ಯ ಇವನು.

1976ರ ಸುಮಾರಿಗೆ ಲಂಡನ್ನಿನಲ್ಲಿ ‘ಪಂಕ್’ ಎಂಬ ಹೊಸ ಸಂಗೀತ ತಲೆಯೆತ್ತಿತು. ಆ ಪದಕ್ಕೆ ‘ಪುಂಡ’, ‘ಕೆಲಸಕ್ಕೆ ಬಾರದವ’ ಎಂಬ ಅರ್ಥಗಳುಂಟು. ಆಗ ಬ್ರಿಟನ್ನಿನಲ್ಲಿ ಹತ್ತು ಲಕ್ಷಕ್ಕೂ ಹೆಚ್ಚು ಜನ ನಿರುದ್ಯೋಗಿಗಳಿದ್ದರು. ಅಂದಿನ ಹೆಸರಾಂತ ರಾಕ್ ಸಂಗೀತವಾದರೋ ದುಬಾರಿ ಯಂತ್ರಗಳ ಮತ್ತು ದೀರ್ಘ ವಾದನದ ಬಲದಿಂದ ಜನಸಾಮಾನ್ಯರ ಕೈಗೆ ಎಟುಕದಂತಾಗಿತ್ತು. ಪಂಕಿನವರು ಇದಕ್ಕೆ ತಿರುಗಿಬಿದ್ದರು. ಮೂರು ಸ್ವರಮೇಳ ಬಂದರೆ ಸಾಕು, ಯಾರಾದರೂ ಹಾಡಬಹುದು. ಹಾಡು ಚಿಕ್ಕದಿರಲಿ, ಬಿರುಸಾಗಿರಲಿ, ಬಾಳಿನ ಮಾತು ಅದರಲ್ಲಿರಲಿ ಎಂಬುದು ಅವರ ನಿಲುವು. ಸ್ಟ್ರಮ್ಮರನು ಮಿಕ್ ಜೋನ್ಸ್, ಪಾಲ್ ಸೈಮೊನನ್ ಎಂಬ ಗೆಳೆಯರೊಡನೆ ಸೇರಿ ಆ ವರ್ಷವೇ ‘ದಿ ಕ್ಲ್ಯಾಶ್’ ಎಂಬ ತಂಡವನ್ನು ಕಟ್ಟಿದನು. ಅವರ ಮೊದಲ ದೀರ್ಘ ತಟ್ಟೆ 1977ರಲ್ಲಿ ಹೊರಬಂತು.

ಈ ತಂಡವು ಹಾಡಿನ ವಿಷಯದಲ್ಲಿ ಎಷ್ಟು ಹೆಸರಾಯಿತೋ ತಟ್ಟೆಯ ಬೆಲೆಯ ವಿಷಯದಲ್ಲಿಯೂ ಅಷ್ಟೇ ಹೆಸರಾಯಿತು. 1979ರ ಡಿಸೆಂಬರಿನಲ್ಲಿ ಬಂದ ‘ಲಂಡನ್ ಕಾಲಿಂಗ್’ ಎಂಬುದು ಜೋಡಿ ತಟ್ಟೆ. ಒಂದು ತಟ್ಟೆಯ ಜೊತೆಗೆ ಒಂದೆರಡು ಹಾಡಿನ ಚಿಕ್ಕ ಮುದ್ರಿಕೆಯನ್ನು ಪುಕ್ಕಟೆಯಾಗಿ ಕೊಡಲು ಕಂಪೆನಿ ಒಪ್ಪಿತ್ತು. ತಂಡದವರು ಆ ಸಂದನ್ನು ಹಿಡಿದು ಒಂಬತ್ತು ಹಾಡುಗಳ ಎರಡನೆಯ ತಟ್ಟೆಯನ್ನೇ ಸೇರಿಸಿ, ಒಂದರ ಬೆಲೆಗೆ ಎರಡನ್ನು ಕೊಡಿಸಿದರು. ಮರುವರ್ಷದ ‘ಸ್ಯಾಂಡಿನಿಸ್ಟಾ’ದಲ್ಲಂತೂ ಮೂರು ತಟ್ಟೆಗಳು, 36 ಹಾಡುಗಳು. ಅದರ ಬೆಲೆ ಏರದಂತೆ ನೋಡಿಕೊಳ್ಳಲು ಬ್ರಿಟನ್ನಿನಲ್ಲಿ ಮಾರುವ ಮೊದಲ ಎರಡು ಲಕ್ಷ ಪ್ರತಿಗಳ ಗೌರವಧನವನ್ನು ತಂಡದವರು ಬಿಟ್ಟುಕೊಟ್ಟರು. ಕೇಳುವವನ ಜೇಬನ್ನು ನೆನೆದು ಹಾಡಿದವರು ಎಲ್ಲ ಕಾಲದಲ್ಲಿಯೂ ವಿರಳ.

ಆದರೆ ಏಳಿಗೆಯ ಬೆನ್ನಿಗೇ ಒಡಕೂ ಬಂದಿತು. 1983ರಲ್ಲಿ ಮಿಕ್ ಜೋನ್ಸನನ್ನು ತಂಡದಿಂದ ಹೊರಗೆ ಹಾಕಿದರು. ಅದು ತಪ್ಪೆಂದು ಸ್ಟ್ರಮ್ಮರನೇ ಮುಂದೆ ಒಪ್ಪಿಕೊಂಡನು. 1985ರಲ್ಲಿ ಬಂದ ಕೊನೆಯ ತಟ್ಟೆಯನ್ನು ಜನ ಮೆಚ್ಚಲಿಲ್ಲ, ತಂಡ ಮುರಿಯಿತು. ಅದೇ ವರ್ಷಗಳಲ್ಲಿ, 1984ರಲ್ಲಿ ತಂದೆಯನ್ನೂ 1986ರಲ್ಲಿ ತಾಯಿಯನ್ನೂ ಅವನು ಕಳೆದುಕೊಂಡನು. ತರುವಾಯ ಕೆಲವು ಚಲನಚಿತ್ರಗಳಿಗೆ ಸಂಗೀತ ಕೊಟ್ಟು, ಕೆಲವುಗಳಲ್ಲಿ ನಟಿಸಿ ದಿನ ನೂಕಿದನು. ಹೀಗಿರಲು, ಅಮೆರಿಕದ ಲಾಸ್ ಏಂಜಲೀಸಿನಲ್ಲಿ ಝ್ಯಾಂಡರ್ ಶ್ಲಾಸ್, ಲಾನಿ ಮಾರ್ಷಲ್, ಜ್ಯಾಕ್ ಐರನ್ಸ್ ಎಂಬ ವಾದಕರನ್ನು ಕೂಡಿಸಿಕೊಂಡು, 37ನೆಯ ವಯಸ್ಸಿನಲ್ಲಿ, ಹಾಡುಗಾರನಾಗಿ ತನ್ನೊಬ್ಬನ ಹೆಸರಿನ ತಟ್ಟೆಯನ್ನು ಹೊರತಂದನು. ಅದರ ಹೆಸರು ‘ಅರ್ತ್‌ಕ್ವೇಕ್ ವೆದರ್’. ಎಂದರೆ ‘ಭೂಕಂಪದ ಹವೆ’. ಗಾಳಿಯಾಡದೆ ಸೆಕೆ ಹೆಚ್ಚಿದರೆ ಭೂಮಿ ನಡುಗುತ್ತದೆಂಬ ನಂಬಿಕೆ ಕ್ಯಾಲಿಫೋರ್ನಿಯಾದ ಜನರಲ್ಲಿ ಉಂಟು. ಹವೆಗೂ ಭೂಕಂಪಕ್ಕೂ ಸಂಬಂಧವಿಲ್ಲವೆಂದು ಭೂವಿಜ್ಞಾನಿಗಳು ಹೇಳುತ್ತಾರೆ. ಕಾಕತಾಳೀಯವೆಂಬಂತೆ ತಟ್ಟೆ ಹೊರಬಂದ ಕೆಲವೇ ವಾರಗಳಲ್ಲಿ, 1989ರ ಅಕ್ಟೋಬರ್ 17ರಂದು, ಸಾನ್ ಫ್ರಾನ್ಸಿಸ್ಕೋ ಸೀಮೆಯಲ್ಲಿ 6.9 ಪ್ರಮಾಣದ ಭೂಕಂಪವಾಯಿತು. ತಟ್ಟೆ ಮಾತ್ರ ಪೇಟೆಯನ್ನು ಕೊಂಚವೂ ನಡುಗಿಸಲಿಲ್ಲ.

ಸೋಲಿಗೆ ಕಾರಣಗಳಿದ್ದುವು. ಅದರಲ್ಲಿ 14 ಹಾಡುಗಳಿವೆ. ಒಂದು ಬಿರುಸಾದ ರಾಕ್. ಮತ್ತೊಂದು ಜಮೈಕಾ ದ್ವೀಪದ ತೂಗುವ ತಾಳ. ಇನ್ನೊಂದು ಲ್ಯಾಟಿನ್ ಅಮೆರಿಕದ ಲಯ. ಕ್ಲ್ಯಾಶ್ ತಂಡದ ಗುಡುಗನ್ನು ನಿರೀಕ್ಷಿಸಿದವರಿಗೆ ಇದು ದಿಕ್ಕುತಪ್ಪಿದಂತೆ ತೋರಿತು. ಎಲ್ಲಕ್ಕಿಂತ ದೊಡ್ಡ ಆಕ್ಷೇಪಣೆಯೆಂದರೆ ಹಾಡುಗಾರನ ದನಿಯೇ ವಾದ್ಯಗಳ ಕೆಳಗೆ ಹೂತುಹೋಗಿದೆ, ಮಾತು ಸ್ಪಷ್ಟವಾಗಿ ಕೇಳಿಸುವುದಿಲ್ಲ ಎಂಬುದು. ಮುದ್ರಣದ ಹೊಣೆ ಹೊತ್ತವನು ಸ್ಟ್ರಮ್ಮರನೇ. ಆದುದರಿಂದ ತನ್ನ ದನಿಯನ್ನು ತಗ್ಗಿಸಿದವನೂ ಅವನೇ ಎನ್ನಬೇಕು. ಒಂದು ಕಾಲಕ್ಕೆ ಸಾವಿರಾರು ಜನರ ಮುಂದೆ ಗಂಟಲು ಹರಿಯುವಂತೆ ಕೂಗಿದವನು ಇಲ್ಲಿ ಮನೆಯ ಬಾಗಿಲಲ್ಲಿ ನಿಂತು, ಒಳಗೆ ಬರಲೋ ಬೇಡವೋ ಎಂದು ಅನುಮಾನಿಸುವ ನೆಂಟನಂತೆ ಹಾಡುತ್ತಾನೆ. ಇದಾದ ಮೇಲೆ ಹತ್ತು ವರ್ಷ ಅವನ ಹೆಸರಿನಲ್ಲಿ ಹೊಸ ಹಾಡುಗಳ ದೀರ್ಘ ತಟ್ಟೆ ಬರಲಿಲ್ಲ.

ಮಾರದೆ ಉಳಿದ ತಟ್ಟೆಗಳು ಏನಾಗುತ್ತವೆ? ಇದು ಕೂಡಿಡುವವರೆಲ್ಲ ತಿಳಿದಿರುವ ವಿಷಯ. ಅಮೆರಿಕದಲ್ಲಿ ಅಂಗಡಿಯವರು ಮಾರದ ತಟ್ಟೆಯನ್ನು ಕಂಪೆನಿಗೆ ಹಿಂದಿರುಗಿಸುವ ಪದ್ಧತಿಯಿತ್ತು. ಕಂಪೆನಿಯವರು ಅವನ್ನು ಸಗಟು ವ್ಯಾಪಾರಿಗಳಿಗೆ ತೀರ ಕಡಿಮೆ ಬೆಲೆಗೆ ತಳ್ಳಿಬಿಡುತ್ತಿದ್ದರು. ಅದೇ ಪ್ರತಿ ಪೂರ್ತಿ ಬೆಲೆಗೆ ಮತ್ತೆ ಹಿಂದಿರುಗಿ ಬರಬಾರದೆಂದು ಅದರ ರಟ್ಟಿನ ಹೊದಿಕೆಯ ಮೂಲೆಯನ್ನು ಕತ್ತರಿಸುತ್ತಿದ್ದರು, ಇಲ್ಲವೆ ತೂತು ಕೊರೆಯುತ್ತಿದ್ದರು, ಇಲ್ಲವೆ ಗರಗಸದಿಂದ ಅಂಚಿಗೆ ಗಾಯ ಮಾಡುತ್ತಿದ್ದರು. ಇಂಥವಕ್ಕೆ ‘ಕಟ್-ಔಟ್’ ಎಂದು ಹೆಸರು. ಹಳೆಯ ತಟ್ಟೆಯ ಪೆಟ್ಟಿಗೆಯಲ್ಲಿ ಮೂಲೆ ಕತ್ತರಿಸಿದ ಹೊದಿಕೆ ಕೈಗೆ ಸಿಕ್ಕಿದರೆ ಅದು ಸೋಲಿನ ಮುದ್ರೆ ಒತ್ತಿಸಿಕೊಂಡು ಬಂದದ್ದೆಂದು ತಿಳಿಯಬೇಕು. ಆದರೆ ಗಾಯವಾಗಿರುವುದು ರಟ್ಟಿಗೆ, ಒಳಗಿನ ಹಾಡಿಗಲ್ಲ.

ಹಾಡು ತಟ್ಟೆಯೊಳಗೆ ಕುಳಿತಿರುವ ಬಗೆಯನ್ನು ಇಲ್ಲಿ ಸ್ವಲ್ಪ ವಿವರಿಸುವುದು ಉಚಿತ. 33⅓ ಸುತ್ತಿನ ದೀರ್ಘ ತಟ್ಟೆಯನ್ನು, ಎಂದರೆ ಎಲ್.ಪಿ.ಯನ್ನು, ಅಮೆರಿಕದ ಕೊಲಂಬಿಯಾ ಕಂಪೆನಿಯವರು 1948ರಲ್ಲಿ ಪೇಟೆಗೆ ತಂದರು. ಇದು ವಿನೈಲ್ ಎಂಬ ಪ್ಲಾಸ್ಟಿಕ್ಕಿನದು. ಅಡ್ಡಗಲ 12 ಅಂಗುಲ. ಮೇಲೆ ಕಾಣುವ ನೂರಾರು ಗೆರೆಗಳು ವಾಸ್ತವವಾಗಿ ಒಂದೇ ಗೆರೆ. ಅಂಚಿನಿಂದ ನಡುವಿನವರೆಗೆ ಸುರುಳಿಯಾಗಿ ಸಾಗುತ್ತದೆ. ಒಂದು ಮಗ್ಗುಲಿನ ಗೆರೆಯನ್ನು ಬಿಚ್ಚಿ ನೆಟ್ಟಗೆ ಎಳೆದರೆ ಸುಮಾರು ಅರ್ಧ ಕಿಲೋಮೀಟರು ಆಗುತ್ತದೆ. ಈ ಗೆರೆ ನೇಗಿಲ ಸಾಲಿನಂತೆ ‘ವಿ’ ಆಕಾರದ್ದು. ಹಾಡಿನ ಕಂಪನಕ್ಕೆ ತಕ್ಕಂತೆ ಅದರ ಎರಡು ಗೋಡೆಗಳೂ ಅಂಕುಡೊಂಕಾಗಿರುತ್ತವೆ. ಸ್ಟೀರಿಯೋ ತಟ್ಟೆಯಲ್ಲಿ ಎಡಗಿವಿಯ ದನಿ ಒಂದು ಗೋಡೆಯಲ್ಲಿ, ಬಲಗಿವಿಯದು ಇನ್ನೊಂದರಲ್ಲಿ. ವಜ್ರದ ಸೂಜಿಯ ಮೊನೆ ಈ ಸಾಲಿನಲ್ಲಿ ಸಾಗುತ್ತಾ ಕಂಪಿಸುತ್ತದೆ. ಆ ಕಂಪನ ವಿದ್ಯುತ್ತಾಗಿ, ವಿದ್ಯುತ್ತು ಮತ್ತೆ ದನಿಯಾಗುತ್ತದೆ.

ಇದರಲ್ಲಿ ಒಂದು ಸೂಕ್ಷ್ಮವಿದೆ. ತಟ್ಟೆ ಸುತ್ತುವ ವೇಗ ಒಂದೇ; ಆದರೆ ಸುತ್ತಳತೆ ಒಳಗೊಳಗೆ ಕಿರಿದಾಗುತ್ತದೆ. ಅಂಚಿನಲ್ಲಿ ಸೂಜಿಯ ಕೆಳಗೆ ಸೆಕೆಂಡಿಗೆ ಸುಮಾರು 50 ಸೆಂಟಿಮೀಟರು ಗೆರೆ ಹಾಯ್ದರೆ, ನಡುವಿನ ಬಳಿ ಬರುವ ಹೊತ್ತಿಗೆ 20ರಷ್ಟೇ. ಅದೇ ಹಾಡನ್ನು ಅರ್ಧಕ್ಕಿಂತ ಕಡಿಮೆ ಜಾಗದಲ್ಲಿ ಇಡುಕಿ ತುಂಬಬೇಕಾಗುತ್ತದೆ. ಆದುದರಿಂದ ಕೊನೆಯ ಹಾಡಿನ ದನಿ ಒಡೆಯುವ ಸಂಭವ ಹೆಚ್ಚು. ಒಂದು ಮಗ್ಗುಲಿನ ಕೊನೆಗೆ ಸದ್ದಿಲ್ಲದ ಮೆಲ್ಲನೆಯ ಹಾಡನ್ನು ಇಡುವುದಕ್ಕೆ ಇದೂ ಒಂದು ಕಾರಣ.

ಹಳೆಯ ತಟ್ಟೆಯನ್ನು ಕೊಳ್ಳುವವನು ನೋಡಬೇಕಾದ ಅಂಶಗಳು ಹಲವು. ತಟ್ಟೆಯನ್ನು ಅಂಚು ಮತ್ತು ನಡುವಿನ ಚೀಟಿ ಇವೆರಡನ್ನು ಮಾತ್ರ ಮುಟ್ಟಿ ಹಿಡಿಯಬೇಕು. ಬೆರಳಿನ ಜಿಡ್ಡು ಗೆರೆಯಲ್ಲಿ ಕುಳಿತರೆ ಧೂಳು ಅಂಟುತ್ತದೆ. ಬೆಳಕಿಗೆ ಓರೆಯಾಗಿ ಹಿಡಿದರೆ ಗೀರುಗಳು ಕಾಣುತ್ತವೆ. ಗೆರೆಯ ಉದ್ದಕ್ಕೆ ಇರುವ ಗೀರಿಗಿಂತ ಗೆರೆಯನ್ನು ಅಡ್ಡ ಕತ್ತರಿಸಿದ ಆಳವಾದ ಗೀರು ‘ಟಿಕ್ ಟಿಕ್’ ಎಂದು ಸುತ್ತಿಗೊಮ್ಮೆ ಸದ್ದು ಮಾಡುತ್ತದೆ. ಕಣ್ಣಿನ ಮಟ್ಟಕ್ಕೆ ಹಿಡಿದು ನೋಡಿದರೆ ತಟ್ಟೆ ಸೊಟ್ಟಗಿದೆಯೆ ಎಂಬುದು ತಿಳಿಯುತ್ತದೆ. ಬಿಸಿಲಿಗಿಟ್ಟದ್ದು, ಒಂದರ ಮೇಲೊಂದು ಹೇರಿ ಇಟ್ಟದ್ದು ಸೊಟ್ಟಗಾಗುತ್ತದೆ. ಆದುದರಿಂದ ತಟ್ಟೆಗಳನ್ನು ಪುಸ್ತಕದಂತೆ ನಿಲ್ಲಿಸಿಡಬೇಕು. ನಡುವಿನ ತೂತಿನ ಸುತ್ತ ಚೀಟಿಯ ಮೇಲೆ ಸಣ್ಣ ಗೆರೆಗಳಿದ್ದರೆ ಹಿಂದಿನವನು ಅದನ್ನು ಬಹಳ ಸಲ, ಅದೂ ಅವಸರದಲ್ಲಿ ಹಾಕಿ ಕೇಳಿದ್ದಾನೆಂದು ಅರ್ಥ.

ವ್ಯಾಪಾರಿಗಳು ತಟ್ಟೆಗೂ ಹೊದಿಕೆಗೂ ಬೇರೆ ಬೇರೆ ದರ್ಜೆ ಕೊಡುವುದುಂಟು. ‘ಮಿಂಟ್’ ಎಂದರೆ ಟಂಕಸಾಲೆಯಿಂದ ಈಗ ತಾನೆ ಬಂದ ನಾಣ್ಯದಂಥದು. ತರುವಾಯ ‘ನಿಯರ್ ಮಿಂಟ್’, ‘ವೆರಿ ಗುಡ್ ಪ್ಲಸ್’, ‘ವೆರಿ ಗುಡ್’ ಎಂದು ಇಳಿಯುತ್ತದೆ. ಇದಕ್ಕೂ ಕೆಳಗಿನದು ‘ಗುಡ್’. ಹೆಸರು ಕೇಳಿ ಹೊಸಬನು ಮೋಸಹೋಗಬಾರದು. ಗೀರು, ಚಿಟಿಪಿಟಿ ಸದ್ದು ಎಲ್ಲ ಇದ್ದರೂ ಹೇಗೋ ಹಾಡು ಕೇಳಿಸುವುದಕ್ಕೆ ಈ ಭಾಷೆಯಲ್ಲಿ ‘ಗುಡ್’ ಎಂದು ಹೆಸರು. ನಮ್ಮ ಪರೀಕ್ಷೆಯ ಫಲಿತಾಂಶದಲ್ಲಿ ಮೂವತ್ತೈದು ಅಂಕ ಬಂದವನು ‘ಪಾಸು’ ಎಂದು ಹೇಳಿಕೊಳ್ಳುವಂತೆ.

ಬಲ್ಲವರು ಮೊದಲು ನೋಡುವುದು ಗೆರೆ ಮುಗಿದ ಮೇಲೆ ಚೀಟಿಯ ಸುತ್ತ ಉಳಿಯುವ ಖಾಲಿ ಪಟ್ಟಿಯನ್ನು. ಅಲ್ಲಿ ತಟ್ಟೆಯ ಸಂಖ್ಯೆಯನ್ನು ಕೊರೆದಿರುತ್ತಾರೆ. ಇದು ಎಷ್ಟನೆಯ ಅಚ್ಚು, ಯಾವ ಕಾರ್ಖಾನೆಯದು ಎಂಬುದನ್ನು ಅದರಿಂದ ತಿಳಿಯಬಹುದು. ಕೆಲವೊಮ್ಮೆ ಕೈಬರಹದ ಗುಟ್ಟಿನ ಮಾತೂ ಇರುತ್ತದೆ. ‘ಲಂಡನ್ ಕಾಲಿಂಗ್’ನ ನಾಲ್ಕು ಮಗ್ಗುಲುಗಳಲ್ಲಿ ಒಂದೊಂದೇ ಇಂಗ್ಲಿಷ್ ಪದವನ್ನು ಕೊರೆದಿದ್ದರು, ನಾಲ್ಕನ್ನೂ ಕೂಡಿಸಿದರೆ ‘ಗೋಡೆಗಳನ್ನು ಕೆಡವಿ’ ಎಂಬ ವಾಕ್ಯವಾಗುತ್ತದೆ. ಆ ತಟ್ಟೆಯ ಕೊನೆಯ ಹಾಡನ್ನು ಕಡೆಯ ಗಳಿಗೆಯಲ್ಲಿ ಸೇರಿಸಿದುದರಿಂದ ಅದರ ಹೆಸರು ಹೊದಿಕೆಯ ಪಟ್ಟಿಯಲ್ಲಿ ಇರಲೇ ಇಲ್ಲ. ಇವೆಲ್ಲ ಕೈಯಲ್ಲಿ ತಟ್ಟೆ ಹಿಡಿದವನಿಗಲ್ಲದೆ ಅನ್ಯರಿಗೆ ದೊರೆಯದ ಸಂತೋಷಗಳು.

ನಮ್ಮ ಮನೆಗಳಲ್ಲಿ ಸಿಗುವ ತಟ್ಟೆಗಳ ಬಗೆಗೂ ಒಂದು ಎಚ್ಚರಿಕೆಯ ಮಾತು ಹೇಳಬೇಕು. ಎಲ್.ಪಿ.ಗೆ ಹಿಂದಿನ 78 ಸುತ್ತಿನ ತಟ್ಟೆ ಪ್ಲಾಸ್ಟಿಕ್ಕಿನದಲ್ಲ, ಅರಗಿನದು. ಪಾಂಡವರ ಮನೆಯ ಅರಗೇ ಇದು. ಪ್ರಪಂಚದ ತಟ್ಟೆಗಳಿಗೆಲ್ಲ ಬೇಕಾದ ಅರಗಿನ ಬಹುಪಾಲು ಭಾರತದ ಕಾಡುಗಳಿಂದಲೇ ಹೋಗುತ್ತಿತ್ತು. 1902ರಲ್ಲಿ ಕಲ್ಕತ್ತೆಯಲ್ಲಿ ಧ್ವನಿಮುದ್ರಣ ಮಾಡಿಸಿ ಹೆಸರಾದ ಗೌಹರ್ ಜಾನ್ ತಮ್ಮ ಕೊನೆಯ ದಿನಗಳನ್ನು ಮೈಸೂರಿನ ಆಸ್ಥಾನದ ಆಶ್ರಯದಲ್ಲಿ ಕಳೆದು 1930ರಲ್ಲಿ ಅಲ್ಲಿಯೇ ತೀರಿಕೊಂಡರು. ಆಕೆಯ ಹಾಡುಗಳೆಲ್ಲ ಇಂಥ ಅರಗಿನ ತಟ್ಟೆಗಳಲ್ಲಿದ್ದುವು. ಇವನ್ನು ಸ್ಪಿರಿಟ್ಟಿನಿಂದ ಒರೆಸಬಾರದು. ಅರಗು ಅದರಲ್ಲಿ ಕರಗುತ್ತದೆ. ಕೈಜಾರಿದರೆ ಮಡಕೆಯಂತೆ ಒಡೆಯುತ್ತದೆ.

ಇಷ್ಟು ಕಷ್ಟವೇಕೆ, ದೂರವಾಣಿಯಲ್ಲಿ ಬೆರಳೊತ್ತಿದರೆ ಹಾಡು ಬರುವುದಿಲ್ಲವೆ ಎಂದು ಕೆಲವರು ಕೇಳಬಹುದು. ಬರುತ್ತದೆ, ನಾನೂ ಹಾಗೆಯೇ ಕೇಳುವವನು. ಆದರೂ ಜನ ತಟ್ಟೆಯನ್ನು ಬಿಟ್ಟಿಲ್ಲ. 1988ರಲ್ಲಿ ಅಮೆರಿಕದಲ್ಲಿ ಸಿ.ಡಿ. ಎಲ್.ಪಿ.ಯನ್ನು ಹಿಂದೆ ಹಾಕಿತ್ತು. ಸ್ಟ್ರಮ್ಮರನ ತಟ್ಟೆ ಬಂದದ್ದು ಆ ಇಳಿಗಾಲದಲ್ಲಿ. ಆದರೆ 2022ರಲ್ಲಿ ಅದೇ ದೇಶದಲ್ಲಿ ವಿನೈಲ್ ತಟ್ಟೆಗಳು ಸಂಖ್ಯೆಯಲ್ಲಿಯೂ ಸಿ.ಡಿ.ಯನ್ನು ಮೀರಿದುವು; 1987ರ ಬಳಿಕ ಹಾಗಾದದ್ದು ಅದೇ ಮೊದಲು. ಇದರಲ್ಲಿ ಷೋಕಿಯೂ ಇರಬಹುದು. ಸುತ್ತಿದ ಕಾಗದವನ್ನೇ ಬಿಚ್ಚದೆ, ಬೆಲೆ ಏರಲೆಂದು ಬೀರುವಿನಲ್ಲಿಡುವವರೂ ಇದ್ದಾರೆ. ಅವರು ಕೂಡಿಡುವುದು ರಟ್ಟನ್ನು, ಹಾಡನ್ನಲ್ಲ. ನಾನು ಹೇಳುವುದು ಕೇಳುವುದಕ್ಕಾಗಿ ಕೊಳ್ಳುವವರ ಮಾತನ್ನು. ಅಂಥವನು ಪೆಟ್ಟಿಗೆಯ ತಳದಿಂದ ಒಂದು ಸೋತ ತಟ್ಟೆಯನ್ನು ಎತ್ತಿ, ಧೂಳೊರೆಸಿ, ಸೂಜಿಯಿಟ್ಟು ಕುಳಿತಾಗ ಹಳೆಯ ಮೊಕದ್ದಮೆಯೊಂದು ಮರುವಿಚಾರಣೆಗೆ ಬಂದಂತಾಗುತ್ತದೆ. ಪೇಟೆಯ ತೀರ್ಪು ಒಂದು ಋತುವಿನಲ್ಲಿ ಮುಗಿಯುತ್ತದೆ. ಕೂಡಿಟ್ಟ ತಟ್ಟೆಯಿಂದಾಗಿ ಅಪೀಲಿನ ಬಾಗಿಲು ತೆರೆದೇ ಇರುತ್ತದೆ. ‘ಭೂಕಂಪದ ಹವೆ’ಯ ಮೆಲ್ಲನೆಯ ಹಾಡುಗಳನ್ನು, ಅದರಲ್ಲಿಯೂ ‘ಐಲೆಂಡ್ ಹಾಪಿಂಗ್’, ‘ಸ್ಲೀಪ್‌ವಾಕ್’ ಇವನ್ನು ಕೇಳಿದರೆ, ಹೂತುಹೋದ ದನಿಯೆಂದು ಬೈಸಿಕೊಂಡದ್ದೇ ಸೋತವನ ನಿಜವಾದ ದನಿಯಾಗಿ ಕೇಳುತ್ತದೆ.

ಸ್ಟ್ರಮ್ಮರನ ಕಥೆಯೂ ಅಲ್ಲಿಗೆ ಮುಗಿಯಲಿಲ್ಲ. ಹತ್ತು ವರ್ಷದ ಮೇಲೆ, 1999ರಲ್ಲಿ, ‘ಮೆಸ್ಕಲೆರೋಸ್’ ಎಂಬ ಹೊಸ ತಂಡದೊಡನೆ ಅವನು ಮರಳಿ ಬಂದನು. 2001ರಲ್ಲಿ ಮತ್ತೊಂದು ತಟ್ಟೆ ಬಂತು. ದೇಶದೇಶಗಳ ತಾಳಗಳನ್ನು ಬೆರೆಸುವ ಯಾವ ಗುಣಕ್ಕಾಗಿ 1989ರಲ್ಲಿ ಬೈಸಿಕೊಂಡನೋ ಅದೇ ಈಗ ಅವನ ಹಿರಿಮೆಯೆನಿಸಿತು. 2002ರ ನವೆಂಬರ್ 15ರಂದು ಲಂಡನ್ನಿನ ಆಕ್ಟನ್ನಿನಲ್ಲಿ, ಮುಷ್ಕರ ಹೂಡಿದ್ದ ಅಗ್ನಿಶಾಮಕ ದಳದವರ ಸಹಾಯಾರ್ಥ ಹಾಡುತ್ತಿದ್ದಾಗ, ಪ್ರೇಕ್ಷಕರ ನಡುವಿದ್ದ ಮಿಕ್ ಜೋನ್ಸ್ ತಾನಾಗಿಯೇ ವೇದಿಕೆ ಹತ್ತಿ ಗಿಟಾರು ಹಿಡಿದನು. ಹತ್ತೊಂಬತ್ತು ವರ್ಷಗಳ ಮೇಲೆ ಇಬ್ಬರೂ ಆ ರಾತ್ರಿ ಒಂದೇ ವೇದಿಕೆಯಲ್ಲಿ ಕೂಡಿದರು. ಮುಂದಿನ ತಿಂಗಳು 22ರಂದು, ಹುಟ್ಟಿನಿಂದಲೇ ಇದ್ದು ಯಾರಿಗೂ ತಿಳಿಯದಿದ್ದ ಹೃದಯದ ದೋಷದಿಂದ, ಸ್ಟ್ರಮ್ಮರ್ ತನ್ನ ಐವತ್ತನೆಯ ವಯಸ್ಸಿನಲ್ಲಿ ತೀರಿಕೊಂಡನು.

ಈ ತಟ್ಟೆಯ ಕಥೆ ನನ್ನ ಮನಸ್ಸಿಗೆ ಹತ್ತಿರವಾದದ್ದಕ್ಕೆ ಕಾರಣವನ್ನು ಮುಚ್ಚಿಡುವುದಿಲ್ಲ. ಎರಡನೆಯ ವರ್ಷದಲ್ಲಿ ನಾನು ಇಂಗ್ಲಿಷ್ ಪತ್ರಿಕೆಯಲ್ಲಿ ನಪಾಸಾದೆ. ನಮ್ಮ ಮನೆಯಲ್ಲಿ ಕಾಲೇಜಿನ ಮೆಟ್ಟಲು ಹತ್ತಿದವನು ನಾನೇ ಮೊದಲಿಗನಾದುದರಿಂದ ಊರಿಗೆ ಹೋಗಲು ಕಾಲೇಳಲಿಲ್ಲ. ಹಾಸ್ಟೆಲಿನ ಗೆಳೆಯನೊಬ್ಬನ ದೂರವಾಣಿಯಲ್ಲಿ ಈ ಹಾಡುಗಳನ್ನು ಮೊದಲು ಕೇಳಿದ್ದು ಆ ವಾರವೇ. ಮಾತು ಅರ್ಧ ತಿಳಿಯಲಿಲ್ಲ, ದನಿ ತಿಳಿಯಿತು. ಕೊನೆಗೆ ಊರಿಗೆ ಹೋಗಿ ವಿಷಯ ಹೇಳಿದಾಗ ಅಪ್ಪ ಬೈಯಲಿಲ್ಲ. “ಇನ್ನೊಂದು ಸಲ ಬರೆಯೋಕೆ ಬಿಡ್ತಾರೇನಪ್ಪ?” ಎಂದು ಒಂದೇ ಪ್ರಶ್ನೆ ಕೇಳಿದರು. ಬಿಡುತ್ತಾರೆ ಎಂದೆ. “ಹಂಗಾದ್ರೆ ಮುಗೀತು, ಊಟ ಮಾಡು” ಎಂದರು.

ಹಳೆಯ ತಟ್ಟೆಗಳನ್ನು ಕೂಡಿಡುವವರು ಮಾಡುತ್ತಿರುವುದೂ ಇಷ್ಟೇ. ಸೋತ ಹಾಡಿಗೆ ಅವರು ಇನ್ನೊಂದು ಸಲ ಅವಕಾಶ ಕೊಡುತ್ತಾರೆ. ನನಗಿನ್ನೂ ಗ್ರಾಮಫೋನು ಕೊಳ್ಳುವ ಶಕ್ತಿಯಿಲ್ಲ. ಮುಂದೆಂದಾದರೂ ಕೊಂಡರೆ ಮೂಲೆ ಕತ್ತರಿಸಿದ ತಟ್ಟೆಯನ್ನೇ ಮೊದಲು ಹುಡುಕುವೆನು. ನಿಮ್ಮ ಮನೆಯ ಅಟ್ಟದ ಮೇಲೆ ಪ್ಲೇಟಿನ ಪೆಟ್ಟಿಗೆಯೇನಾದರೂ ಇದ್ದರೆ, ಗುಜರಿಯವನನ್ನು ಕೂಗುವ ಮುನ್ನ ದಯವಿಟ್ಟು ಒಮ್ಮೆ ಧೂಳು ಕೊಡವಿ ನೋಡಿ.